ಕಾರಿಗೆ ಡೋರ್ ವೈಸರ್: ನೀವೇ ಕೂರಿಸುವುದು ಹೇಗೆ, ಬಳಸುವುದು ಹೇಗೆ

ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಕಾರು ಓಡಿಸುವವರಿಗೆ ಈ ಫಜೀತಿ ಹೊಸದಲ್ಲ. ಕಿಟಕಿ ಪೂರ್ತಿ ಮುಚ್ಚಿದರೆ ಸ್ವಲ್ಪ ಹೊತ್ತಿಗೇ ಗಾಜು ಮಬ್ಬು. ಚೂರು ಇಳಿಸಿದರೆ ಬಲತೋಳು ಒದ್ದೆ, ಬಾಗಿಲಿನ ಪವರ್ ವಿಂಡೋ ಸ್ವಿಚ್ಚುಗಳ ಮೇಲೂ ನೀರು. ಎಸಿ ಹಾಕೋಣ ಅಂದರೆ ಹಿಂದೆ ಕೂತ ಅಜ್ಜಿಗೆ ಚಳಿ. ಘಾಟಿ ರಸ್ತೆಯಲ್ಲಿ ಎಸಿ ವಾಸನೆಗೇ ವಾಂತಿ ಬರುವ ಮಕ್ಕಳೂ ಇರುತ್ತಾರೆ.

ಕಿಟಕಿಯ ಮೇಲಂಚಿಗೆ ಕೂರಿಸುವ ಬಾಗಿದ ಪ್ಲಾಸ್ಟಿಕ್ ಪಟ್ಟಿ ಇಂಥ ಹೊತ್ತಿಗೇ ಇರುವುದು. ಆಕ್ಸೆಸರಿ ಅಂಗಡಿಯಲ್ಲಿ ಡೋರ್ ವೈಸರ್ ಅಂತ ಕೇಳಿ. ರೈನ್ ಗಾರ್ಡ್, ವಿಂಡ್ ವೈಸರ್ ಅಂದರೂ ಅದನ್ನೇ ತೋರಿಸುತ್ತಾರೆ. ಅದರ ಕೆಲಸ ಬಹಳ ಸಣ್ಣದು. ಗಾಜನ್ನು ಒಂದೆರಡು ಬೆರಳಿನಷ್ಟು ಇಳಿಸಿಟ್ಟಾಗ ಮೇಲಿಂದ ಇಳಿಯುವ ನೀರು ಒಳಗೆ ಬಾರದ ಹಾಗೆ ತಡೆಯುವುದು, ಗಾಳಿ ಓಡಾಡಲು ದಾರಿ ಬಿಡುವುದು. ಕಾರು ಓಡುತ್ತಿರುವಾಗ ವೈಸರ್ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಒಳಗಿನ ಬೆಚ್ಚನೆಯ ತೇವದ ಗಾಳಿ ಹೊರಗೆ ಎಳೆದುಕೊಂಡು ಹೋಗುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ. ಅರ್ಧ ಗಾಜು ಇಳಿಸಿಕೊಂಡು ಜಡಿಮಳೆಯಲ್ಲಿ ಹೋದರೆ ಯಾವ ವೈಸರ್ ಇದ್ದರೂ ನೆನೆಯುತ್ತೀರಿ.

ವರ್ಷವಿಡೀ ಕಿಟಕಿ ಮುಚ್ಚಿ ಎಸಿಯಲ್ಲೇ ಓಡಾಡುವವರಿಗೆ ಇದು ಬೇಕಿಲ್ಲ, ಸುಮ್ನೆ ದುಡ್ಡು ದಂಡ. ಕಾರು ನೋಡಲು ಚಂದ ಕಾಣುತ್ತದೆ ಅನ್ನುವುದಕ್ಕೆ ಹಾಕುವವರೂ ಇದ್ದಾರೆ. ಅದು ಅವರವರ ಇಷ್ಟ, ಅದಕ್ಕೆ ನಾನು ಸಲಹೆ ಕೊಡಲಾರೆ.

ಯಾವುದನ್ನು ಕೊಳ್ಳಬೇಕು

ಎರಡು ಬಗೆ ಇವೆ. ಒಂದು, ಬಾಗಿಲಿನ ಫ್ರೇಮಿನ ಹೊರಗೆ ಡಬಲ್ ಸೈಡ್ ಟೇಪಿನಿಂದ ಅಂಟಿಸುವುದು. ಇನ್ನೊಂದು, ಗಾಜು ಹೋಗಿ ಕೂರುವ ರಬ್ಬರ್ ಬೀಡಿಂಗ್‌ನ ಸಂದಿನೊಳಗೇ ತೂರಿಸಿ ಕೂರಿಸುವುದು. ಒಳಗೆ ತೂರಿಸುವ ಬಗೆ ನೋಡಲು ನೀಟಾಗಿರುತ್ತದೆ, ಕಾರಿನ ಜೊತೆಗೇ ಬಂದದ್ದೇನೋ ಅನ್ನಿಸುತ್ತದೆ. ಆದರೆ ಗಾಜು ಓಡಾಡಬೇಕಾದ ಜಾಗದಲ್ಲಿ ಇನ್ನೊಂದು ಪದರ ಪ್ಲಾಸ್ಟಿಕ್ ಬಂದು ಕೂತರೆ ಗಾಜು ಬಿಗಿಯಾಗುತ್ತದೆ, ಪವರ್ ವಿಂಡೋ ಮೋಟಾರಿಗೆ ಶ್ರಮ ಜಾಸ್ತಿ. ನಿಮ್ಮ ಕಾರಿನಲ್ಲಿ ಒಂದೇ ಸಲ ಒತ್ತಿದರೆ ತಾನಾಗೇ ಮೇಲೇರುವ ಕಿಟಕಿ ಇದ್ದರೆ ಇನ್ನೊಂದು ತಲೆನೋವು ಕಾದಿದೆ. ಅದನ್ನು ಮುಂದೆ ಹೇಳುತ್ತೇನೆ. ನನ್ನ ಮಾತು ಕೇಳುವುದಾದರೆ ಹೊರಗೆ ಅಂಟಿಸುವುದನ್ನೇ ತೆಗೆದುಕೊಳ್ಳಿ.

ಯಾವುದೇ ಆಗಲಿ, ನಿಮ್ಮ ಕಾರಿನ ಮಾಡೆಲ್‌ಗೆ ಮಾತ್ರವಲ್ಲ, ಅದರ ವರ್ಷಕ್ಕೂ ಹೊಂದಬೇಕು. ಸ್ವಿಫ್ಟ್, ವ್ಯಾಗನ್‌ಆರ್, ಇನ್ನೋವಾದಂಥ ಕಾರುಗಳು ಕೆಲವು ವರ್ಷಕ್ಕೊಮ್ಮೆ ಪೂರ್ತಿ ಹೊಸ ಬಾಡಿಯಲ್ಲಿ ಬಂದಿವೆ. ಹೆಸರು ಅದೇ, ಬಾಗಿಲಿನ ಬಾಗು ಬೇರೆ. ‘ಎಲ್ಲದಕ್ಕೂ ಹೊಂದುತ್ತೆ ಸಾರ್’ ಅಂತ ಅಂಗಡಿಯವರು ಕೊಡುವ ಸೆಟ್ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಬಾಗು ಹೊಂದದ ವೈಸರನ್ನು ಒತ್ತಿ ಹಿಡಿದು ಅಂಟಿಸಿದರೆ ಅದು ತನ್ನ ಮೊದಲಿನ ಆಕಾರಕ್ಕೆ ಮರಳಲು ಹಗಲೂ ರಾತ್ರಿ ಟೇಪನ್ನು ಎಳೆಯುತ್ತಲೇ ಇರುತ್ತದೆ. ಮೊದಲು ಬಿಟ್ಟುಕೊಳ್ಳುವುದು ತುದಿಗಳು.

ಶೋರೂಮಿನಲ್ಲಿ ಸಿಗುವ ಕಂಪನಿಯ ಆಕ್ಸೆಸರಿಗೆ ಬೆಲೆ ಜಾಸ್ತಿ, ಆದರೆ ಅಳತೆ ಸರಿಯಾಗಿರುತ್ತದೆ, ಟೇಪೂ ಒಳ್ಳೆಯದಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಥವಾ ನಿಮ್ಮೂರಿನ ಆಕ್ಸೆಸರಿ ಅಂಗಡಿಯಲ್ಲಿ ಕೊಳ್ಳುವುದಾದರೆ ನಾಲ್ಕು ಬಾಗಿಲಿನ ಸೆಟ್ಟನ್ನು ಕವರಿನಿಂದ ಹೊರಗೆ ತೆಗೆಸಿ, ಕಾರಿಗೆ ಹಿಡಿದು ನೋಡಿ. ಒಂದು ತುಂಡನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿ. ಸ್ವಲ್ಪ ಬಗ್ಗಿ ಮತ್ತೆ ನೇರವಾಗಬೇಕು. ಕಟಕಟ ಸದ್ದು ಬಂದರೆ, ಬಾಗಿದ ಕಡೆ ಬಿಳಿ ಗೆರೆ ಮೂಡಿದರೆ ವಾಪಸ್ ಇಟ್ಟುಬಿಡಿ. ಟೇಪಿನ ಮೇಲಿನ ಹಾಳೆ ಈಗಾಗಲೇ ಅಂಚಿನಲ್ಲಿ ಎದ್ದಿದ್ದರೂ ಬೇಡ. ಧೂಳು ಹಿಡಿದ ಟೇಪ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಕಡುಗಪ್ಪಿನ ಅಗಲ ಪಟ್ಟಿಗಿಂತ ತೆಳು ಹೊಗೆಬಣ್ಣದ ಕಿರಿದಾದ ಪಟ್ಟಿ ಒಳ್ಳೆಯದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಹತ್ತಿ ಇಳಿಯುವವರಿಗೆ ಕಾರಣ ಹೇಳಬೇಕಿಲ್ಲ. ಅಲ್ಲಿ ಮೇಲಿನ ರಸ್ತೆಯಲ್ಲಿ ಬಸ್ಸು ಬರುತ್ತಿದೆಯಾ ಅಂತ ನೋಡುವುದು ಮುಂದಿನ ಗಾಜಿನಿಂದಲ್ಲ, ಪಕ್ಕದ ಕಿಟಕಿಯ ಮೇಲಂಚಿನಿಂದ. ಎತ್ತರದ ಆಳಿಗೆ ಅಗಲವಾದ ಕಪ್ಪು ವೈಸರ್ ಸರಿಯಾಗಿ ಕಣ್ಣಿನ ನೇರಕ್ಕೇ ಬಂದು ಕೂರುತ್ತದೆ. ಕೊಳ್ಳುವ ಮೊದಲು ಡ್ರೈವರ್ ಸೀಟಿನಲ್ಲಿ ಕೂತು, ಹೊರಗಿನಿಂದ ಒಬ್ಬರು ವೈಸರ್ ಹಿಡಿದಿರುವಾಗ, ಪಕ್ಕದ ಕನ್ನಡಿ ಪೂರ್ತಿ ಕಾಣುತ್ತದಾ ನೋಡಿ.

‘ಪೊಲೀಸರು ಹಿಡಿಯುತ್ತಾರಾ’ ಅಂತ ಕೇಳುವವರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಗಾಜಿನ ಬಗ್ಗೆ ಇರುವಂಥದ್ದು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು ಅನ್ನುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಗಾಜಿಗೆ ಅಂಟಿಸುವ ಕಪ್ಪು ಫಿಲ್ಮನ್ನು. ವೈಸರ್ ಗಾಜಿನ ಮೇಲೆ ಅಂಟುವ ವಸ್ತುವಲ್ಲ. ಹಾಗಂತ ಫಿಲ್ಮ್ ಬದಲಿಗೆ ಇದನ್ನೇ ಅಗಲವಾಗಿ ಹಾಕಿಕೊಳ್ಳೋಣ ಅನ್ನುವ ಲೆಕ್ಕಾಚಾರ ಬೇಡ. ಅದು ಓಡಿಸುವವರಿಗೇ ಅಪಾಯ.

ದಿನ ನೋಡಿ ಕೆಲಸ ಶುರು ಮಾಡಿ

ವೈಸರ್ ಬೇಕು ಅನ್ನಿಸುವುದು ಮಳೆ ಶುರುವಾದ ಮೇಲೆ. ಅಂಟಿಸಲು ಸರಿಯಾದ ಕಾಲ ಮಾತ್ರ ಅದಕ್ಕೆ ಮೊದಲು, ಏಪ್ರಿಲ್-ಮೇ ತಿಂಗಳು. ಒಳ್ಳೆಯ ಸೆಟ್‌ಗಳಲ್ಲಿ ಬರುವ ಅಕ್ರಿಲಿಕ್ ಫೋಮ್ ಟೇಪ್ ಚೆನ್ನಾಗಿ ಹಿಡಿಯುವುದು ಸುಮಾರು 21ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ. ಹತ್ತು ಡಿಗ್ರಿಗಿಂತ ಕಡಿಮೆ ಇದ್ದರೆ ಅಂಟು ಗಟ್ಟಿಯಾಗಿ ಮೇಲ್ಮೈಗೆ ಹರಡಿಕೊಳ್ಳುವುದೇ ಇಲ್ಲ. ನಮ್ಮ ಕಡೆ ಚಳಿ ಅಷ್ಟಿಲ್ಲ ಅಂದುಕೊಂಡರೂ ಜುಲೈ ತಿಂಗಳ ತೇವ ಕಾಟ ಕೊಡುತ್ತದೆ. ಒರೆಸಿದ ಬಾಗಿಲು ಕಣ್ಣಿಗೆ ಒಣಗಿದಂತೆ ಕಂಡರೂ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ.

ಹಾಗಂತ ಮಟಮಟ ಮಧ್ಯಾಹ್ನ, ಬಿಸಿಲಲ್ಲಿ ಕಾದ ತಗಡಿನ ಮೇಲೂ ಬೇಡ. ಬೆಳಿಗ್ಗೆ ಒಂಬತ್ತು-ಹತ್ತರ ಹೊತ್ತಿಗೆ, ನೆರಳಿನಲ್ಲಿ, ಮುಟ್ಟಿದರೆ ಉಗುರುಬೆಚ್ಚಗಿರುವ ಕಾರು ಸರಿ. ಮುಂದಿನ ಒಂದು ದಿನ ಕಾರು ನೆನೆಯದಂತೆ ನಿಲ್ಲಿಸಲು ಜಾಗ ಬೇಕು. ಶೆಡ್ ಇಲ್ಲದವರು ಮೋಡ ನೋಡಿಕೊಳ್ಳಿ.

ಬೇಕಾಗುವ ಸಾಮಾನು ಇಷ್ಟೇ: ಕಾರ್ ಶಾಂಪೂ, ಎರಡು-ಮೂರು ಒಗೆದ ಮೈಕ್ರೋಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಮಾಸ್ಕಿಂಗ್ ಟೇಪ್, ಮನೆಯಲ್ಲಿದ್ದರೆ ಹೇರ್ ಡ್ರೈಯರ್. ಆಲ್ಕೋಹಾಲ್ ಬದಲು ಹ್ಯಾಂಡ್ ಸ್ಯಾನಿಟೈಸರ್ ಬಳಸೋಣ ಅಂತ ಅನ್ನಿಸಬಹುದು, ಬೇಡ. ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ಆ ಜಿಡ್ಡು ಬಾಗಿಲ ಮೇಲೆ ಉಳಿದರೆ ಟೇಪ್ ಜಾರುತ್ತದೆ.

ಅಂಟಿಸುವ ಮುಂಚೆ

ಈ ಕೆಲಸದಲ್ಲಿ ಮುಕ್ಕಾಲು ಪಾಲು ಇರುವುದು ಇಲ್ಲೇ. ಅಂಟಿಸುವುದಕ್ಕೆ ಬಾಗಿಲಿಗೆ ಐದು ನಿಮಿಷ ಸಾಕು. ಆರು ತಿಂಗಳಿಗೆ ವೈಸರ್ ಕಿತ್ತು ಬಂತು ಅನ್ನುವವರ ಹೆಚ್ಚಿನ ದೂರುಗಳ ಮೂಲ ಟೇಪ್ ಅಲ್ಲ, ಸರಿಯಾಗಿ ಒರೆಸದ ಬಾಗಿಲು.

ಮೊದಲು ತುಂಡುಗಳನ್ನು ನೆಲದ ಮೇಲೆ ಬಟ್ಟೆ ಹಾಸಿ ಜೋಡಿಸಿ. ಹಲವು ಸೆಟ್‌ಗಳಲ್ಲಿ ಮುಂದೆ-ಹಿಂದೆ, ಎಡ-ಬಲ ಅಂತ ಗುರುತು ಇರುತ್ತದೆ. ಇಲ್ಲದಿದ್ದರೆ ಬಾಗಿಲಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಟೇಪಿನ ಹಾಳೆ ತೆಗೆಯದೆ, ಹಾಗೇ ಜಾಗದಲ್ಲಿ ಹಿಡಿದು, ಎರಡೂ ತುದಿಗಳಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿ ಗುರುತು ಮಾಡಿಕೊಳ್ಳಿ. ಈಗ ಒಬ್ಬರು ವೈಸರ್ ಹಿಡಿದಿರುವಾಗಲೇ ಬಾಗಿಲನ್ನು ಮೆಲ್ಲಗೆ ಪೂರ್ತಿ ತೆಗೆದು ಹಾಕಿ ನೋಡಿ. ಮುಂದಿನ ಬಾಗಿಲು ತೆರೆಯುವಾಗ ವೈಸರಿನ ಮೂತಿ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ತಾಗುತ್ತದಾ, ಹಿಂದಿನ ಬಾಗಿಲು ತೆರೆದಾಗ ಮುಂದಿನ ಬಾಗಿಲಿನ ವೈಸರಿಗೆ ಉಜ್ಜುತ್ತದಾ ಅನ್ನುವುದು ಈಗಲೇ ಗೊತ್ತಾಗಬೇಕು. ಅಂಟಿಸಿದ ಮೇಲೆ ಗೊತ್ತಾದರೆ ಏನೂ ಮಾಡಲಾಗದು. ತಾಗುತ್ತಿದ್ದರೆ ಒಂದೆರಡು ಮಿಲಿಮೀಟರ್ ಹಿಂದೆ ಸರಿಸಿ ಮತ್ತೆ ಗುರುತು ಹಾಕಿ.

ಆಮೇಲೆ ಬಾಗಿಲಿನ ಮೇಲ್ಭಾಗವನ್ನು ಶಾಂಪೂ ನೀರಿನಿಂದ ತೊಳೆದು ಒಣಗಿಸಿ. ಇತ್ತೀಚೆಗೆ ವ್ಯಾಕ್ಸ್, ಪಾಲಿಶ್, ಟೆಫ್ಲಾನ್ ಅಥವಾ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದರೆ ಆ ಜಾಗಕ್ಕೆ ವಿಶೇಷ ಗಮನ ಬೇಕು. ನೀರು ನಿಲ್ಲದಂತೆ ಮಾಡುವ ಪದರ ಟೇಪನ್ನೂ ನಿಲ್ಲಗೊಡುವುದಿಲ್ಲ. ಬಟ್ಟೆಗೆ ಆಲ್ಕೋಹಾಲ್ ಹಾಕಿಕೊಂಡು ಒಂದೇ ದಿಕ್ಕಿನಲ್ಲಿ ಒರೆಸಿ, ತಕ್ಷಣ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅದೇ ಬಟ್ಟೆಯ ಮಗ್ಗುಲು ಬದಲಿಸುತ್ತಾ ಇನ್ನೊಂದು ಸಲ. ಬಟ್ಟೆಗೆ ಕೊಳೆ ಹತ್ತುವುದು ನಿಂತ ಮೇಲೆ ಸಾಕು. ಬೆರಳಲ್ಲಿ ಮುಟ್ಟಿ ಪರೀಕ್ಷೆ ಮಾಡಬೇಡಿ, ಬೆರಳಿನ ಜಿಡ್ಡೂ ಜಿಡ್ಡೇ.

ಆಲ್ಕೋಹಾಲನ್ನು ಕಾರಿನ ಪೇಂಟಿಗೆ ಮಾತ್ರ ಬಳಸಿ. ಹಲವು ವೈಸರ್‌ಗಳು ಅಕ್ರಿಲಿಕ್‌ನವು. ಬಾಗಿದ ಅಕ್ರಿಲಿಕ್‌ಗೆ ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಬಿರುಕು ಬರಬಹುದು. ಪೆಟ್ರೋಲ್, ಥಿನ್ನರ್ ಅಂತೂ ಎರಡರ ಹತ್ತಿರವೂ ತರಬೇಡಿ. ಸೆಟ್ ಜೊತೆ ಅಂಟು ಹೆಚ್ಚಿಸುವ ಪ್ರೈಮರ್‌ನ ಸಣ್ಣ ಸ್ಯಾಶೆ ಬಂದಿದ್ದರೆ ಟೇಪ್ ಕೂರುವ ಗೆರೆಯ ಮೇಲೆ ಮಾತ್ರ ತೆಳುವಾಗಿ ಸವರಿ, ಒಣಗಲು ಬಿಡಿ. ಹೊರಗೆ ಕಾಣುವ ಪೇಂಟಿಗೆ ತಾಗಿದರೆ ಕಲೆ ಉಳಿಯುತ್ತದೆ.

ಅಂಟಿಸುವುದು

ಎಲ್ಲಕ್ಕಿಂತ ಸುಲಭದ ಬಾಗಿಲು ಹಿಂದಿನದು, ತುಂಡು ಚಿಕ್ಕದು. ಕೈ ಪಳಗಲು ಅಲ್ಲಿಂದಲೇ ಶುರು ಮಾಡಿ.

ಟೇಪಿನ ಮೇಲಿರುವ ಬಣ್ಣದ ಹಾಳೆಯನ್ನು ಪೂರ್ತಿ ಕಿತ್ತು ತೆಗೆಯಬೇಡಿ. ಎರಡೂ ತುದಿಗಳಲ್ಲಿ ಎರಡೆರಡು ಇಂಚು ಬಿಡಿಸಿ, ಬಿಡಿಸಿದ ಹಾಳೆಯನ್ನು ಹೊರಗೆ ಮಡಚಿ, ವೈಸರಿನ ಮುಂಭಾಗಕ್ಕೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿಡಿ. ಜೋತು ಬಿದ್ದ ಬಾಲದ ಹಾಗೆ ಅದು ಕೈಗೆ ಸಿಗುವಂತಿರಬೇಕು. ಈಗ ವೈಸರನ್ನು ಗುರುತಿಗೆ ಸರಿಯಾಗಿ ಹಿಡಿದು, ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ ಮೆಲ್ಲಗೆ ತಾಗಿಸಿ. ಎರಡು ಹೆಜ್ಜೆ ಹಿಂದೆ ಬಂದು ನೋಡಿ. ಬಾಗಿಲಿನ ಗೆರೆಗೂ ವೈಸರಿನ ಗೆರೆಗೂ ಅಂತರ ಉದ್ದಕ್ಕೂ ಒಂದೇ ಇದೆಯಾ? ಇದ್ದರೆ ಮುಂದುವರಿಯಿರಿ. ಸೊಟ್ಟಗಿದ್ದರೆ ಸರಿಪಡಿಸಲು ಇದೇ ಕೊನೆಯ ಅವಕಾಶ.

ಹೊರಗೆ ಬಿಟ್ಟಿದ್ದ ಹಾಳೆಯ ಬಾಲವನ್ನು ಹಿಡಿದು, ವೈಸರಿಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ಒಂದು ಕೈ ಎಳೆಯುತ್ತಿರಲಿ, ಇನ್ನೊಂದು ಕೈ ಹಿಂದೆಯೇ ಒತ್ತುತ್ತಾ ಬರಲಿ. ಅವಸರದಲ್ಲಿ ಎಳೆದರೆ ಹಾಳೆ ಮಧ್ಯದಲ್ಲೇ ಹರಿದು ಒಳಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಚಿಮಟದಲ್ಲಿ ಕೀಳುವುದು ಯಾರಿಗೂ ಬೇಡ. ಹಾಳೆ ಪೂರ್ತಿ ಬಂದ ಮೇಲೆ ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೊಂದು ಜಾಗವನ್ನು ಹದಿನೈದಿಪ್ಪತ್ತು ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಈ ಟೇಪ್ ಹಿಡಿಯುವುದೇ ಒತ್ತಡದಿಂದ. ಒತ್ತಬೇಕಾದ್ದು ಟೇಪ್ ಇರುವ ಮೇಲಿನ ಅಂಚನ್ನು. ಕೆಳಗೆ ಹೊರಚಾಚಿದ ಭಾಗವನ್ನು ಒತ್ತಿದರೆ ಟೇಪ್ ಮೇಲೇಳುತ್ತದೆ.

ಕಾರು ತಣ್ಣಗಿದೆ ಅನ್ನಿಸಿದರೆ ಅಂಟಿಸುವ ಮೊದಲು ಹೇರ್ ಡ್ರೈಯರಿನಿಂದ ಬಾಗಿಲನ್ನೂ ಟೇಪನ್ನೂ ಸ್ವಲ್ಪ ಬೆಚ್ಚಗೆ ಮಾಡಿ. ಕೆಲವು ಸೆಟ್‌ಗಳಲ್ಲಿ ಚಿಕ್ಕ ಸ್ಟೀಲ್ ಕ್ಲಿಪ್‌ಗಳೂ ಬರುತ್ತವೆ. ಅವನ್ನು ಬಿಸಾಡಬೇಡಿ, ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ ಬೀಡಿಂಗ್ ಅಡಿಗೆ ಸೇರಿಸಿ. ಟೇಪ್ ಒಂದು ದಿನ ಸೋತರೂ ವೈಸರ್ ಹಾರಿ ಹಿಂದೆ ಬರುವ ಬೈಕಿನವರ ಮುಖಕ್ಕೆ ಬಡಿಯದಂತೆ ತಡೆಯುವುದು ಅವೇ.

ಅಂಟಿಸಿ ಮುಗಿಯಿತು ಅಂತ ಸಂಜೆಯೇ ತೊಳೆಯಬೇಡಿ. ಇಂಥ ಟೇಪ್ ತಯಾರಿಸುವ ಕಂಪನಿಗಳ ಲೆಕ್ಕದ ಪ್ರಕಾರ, ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಮೊದಲ 20 ನಿಮಿಷದಲ್ಲಿ ಅರ್ಧದಷ್ಟು ಬಲ ಬರುತ್ತದೆ, 24 ಗಂಟೆಗೆ ಶೇ. 90ರಷ್ಟು, ಪೂರ್ತಿ ಬಲಕ್ಕೆ 72 ಗಂಟೆ. ಅಂದರೆ ಮೊದಲ ದಿನ ನೀರು ಬೇಡ, ಹೆದ್ದಾರಿಯ ವೇಗ ಬೇಡ, ಬಾಗಿಲನ್ನು ದಢಾರ್ ಅಂತ ಹಾಕುವುದೂ ಬೇಡ. ಮೂರು ದಿನ ಬಿಟ್ಟು ವಾಟರ್ ವಾಶ್‌ಗೆ ಕೊಡಿ.

ಬೀಡಿಂಗ್ ಒಳಗೆ ಕೂರಿಸುವ ಬಗೆಯಾದರೆ

ಗಾಜು ಪೂರ್ತಿ ಇಳಿಸಿ. ಬೀಡಿಂಗ್ ಒಳಗಿನ ಧೂಳು ಒರೆಸಿ. ವೈಸರಿನ ಮುಂದಿನ ಮೂತಿಯನ್ನು ಮೊದಲು ಸೇರಿಸಿ, ಮಧ್ಯದಲ್ಲಿ ಹಿಡಿದು ಚೂರೇ ಚೂರು ಬಾಗಿಸಿ, ಹಿಂದಿನ ತುದಿ ಸೇರಿಸಿ. ಆಮೇಲೆ ಉದ್ದಕ್ಕೂ ಮೇಲಕ್ಕೆ ಒತ್ತಿ. ಟೇಪ್ ಇದ್ದರೆ ತುದಿಗಳು ಕೂತ ಮೇಲೆ ಹಾಳೆ ಎಳೆಯಿರಿ. ಗಾಜಿನ ಮೇಲಂಚಿಗೆ, ಬೀಡಿಂಗ್‌ಗೆ ಸಿಲಿಕೋನ್ ಸ್ಪ್ರೇ ಕೊಂಚ ಹೊಡೆದು ಗಾಜನ್ನು ನಿಧಾನಕ್ಕೆ ಏರಿಸಿ. ಸ್ಪ್ರೇ ಟೇಪಿಗೆ ತಾಗಬಾರದು. ಒಂದೆರಡು ದಿನ ಗಾಜು ಮುಚ್ಚಿಯೇ ಇರಲಿ, ಬೀಡಿಂಗ್ ಹೊಸ ಆಕಾರಕ್ಕೆ ಒಗ್ಗಬೇಕು.

ತಾನಾಗೇ ಏರುವ ಕಿಟಕಿಯ ತಲೆನೋವು ಅಂದೆನಲ್ಲ, ಅದು ಇದು. ಯಾರದಾದರೂ ಕೈ ಸಿಕ್ಕರೆ ಗಾಜು ವಾಪಸ್ ಇಳಿಯಲಿ ಅಂತ ಕಾರಿನವರು ಒಂದು ವ್ಯವಸ್ಥೆ ಇಟ್ಟಿರುತ್ತಾರೆ. ಬಿಗಿಯಾದ ವೈಸರನ್ನೂ ಅದು ಕೈ ಅಂತಲೇ ತಿಳಿದುಕೊಳ್ಳುತ್ತದೆ. ಗಾಜು ಮೇಲೆ ಹೋಗಿ ಮತ್ತೆ ಕೆಳಗೆ ಬರುತ್ತದೆ. ಹಲವು ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಎಳೆದು ಹಿಡಿದರೆ ಹೊಸ ಅಳತೆಗೆ ಹೊಂದಿಕೊಳ್ಳುತ್ತದೆ. ನಿಮ್ಮ ಕಾರಿನ ಕ್ರಮ ಕೈಪಿಡಿಯಲ್ಲಿ ಇರುತ್ತದೆ. ಆಮೇಲೂ ವಾಪಸ್ ಬರುತ್ತಿದ್ದರೆ ಬಲವಂತ ಮಾಡಬೇಡಿ, ವೈಸರ್ ತೆಗೆದುಬಿಡಿ. ಮೋಟಾರ್ ಹೋದರೆ ಅದರ ಖರ್ಚು ವೈಸರಿಗಿಂತ ಎಷ್ಟೋ ಜಾಸ್ತಿ.

ದಿನಬಳಕೆಯಲ್ಲಿ

ಮಳೆಯಲ್ಲಿ ನಾಲ್ಕೂ ಗಾಜು ಇಳಿಸಬೇಕಿಲ್ಲ. ಡ್ರೈವರ್ ಪಕ್ಕದ್ದು ಒಂದು, ಅದಕ್ಕೆ ಓರೆಯಾಗಿ ಹಿಂದಿನ ಎಡಗಡೆಯದು ಒಂದು, ಎರಡನ್ನೂ ಒಂದೂವರೆ-ಎರಡು ಸೆಂಟಿಮೀಟರ್ ಇಳಿಸಿ. ಗಾಳಿ ಕಾರಿನ ಒಳಗೆ ಅಡ್ಡ ಹಾಯ್ದು ಹೋಗುತ್ತದೆ. ವೈಸರಿನ ಕೆಳಗಿನ ಅಂಚಿಗಿಂತ ಗಾಜಿನ ಮೇಲಂಚು ಸ್ವಲ್ಪ ಎತ್ತರದಲ್ಲೇ ಇರಬೇಕು, ಅಳತೆ ಅಷ್ಟೇ. ಗಾಳಿ ಸಮೇತ ಅಡ್ಡಮಳೆ ಹೊಡೆಯುತ್ತಿದ್ದರೆ ಅದು ಬೀಳುವ ಕಡೆಯದನ್ನು ಮುಚ್ಚಿ.

ಮುಂದಿನ ಗಾಜು ಜೋರಾಗಿ ಮಬ್ಬಾದರೆ ವೈಸರ್ ನೆಚ್ಚಿಕೊಂಡು ಕೂರಬೇಡಿ. ಎಸಿ ಹಾಕಿ, ಹೊರಗಾಳಿ ಬರುವ ಮೋಡ್‌ಗೆ ತಿರುಗಿಸಿ, ಗಾಳಿ ಗಾಜಿನ ಕಡೆ ಹೋಗಲಿ. ತೇವ ಎಳೆಯುವುದರಲ್ಲಿ ಎಸಿಯೇ ಮುಂದು. ವೈಸರ್ ಸಹಾಯಕ ಅಷ್ಟೇ.

ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಡೆ ನೂರರ ವೇಗದಲ್ಲಿ ಗಾಳಿಯ ಸದ್ದು ಮೊದಲಿಗಿಂತ ಸ್ವಲ್ಪ ಜಾಸ್ತಿ ಕೇಳಬಹುದು. ಅದು ಸಹಜ. ಆದರೆ ಸಿಳ್ಳೆ ಹೊಡೆದಂತೆ ಸಣ್ಣ ಸದ್ದು ಬಂದರೆ ಎಲ್ಲೋ ಒಂದು ಕಡೆ ಟೇಪ್ ಎದ್ದು ಸಂದು ಬಿಟ್ಟಿದೆ ಅಂತ ಅರ್ಥ. ಪಟಪಟ ಅಂದರೆ ತುದಿಯೇ ಬಿಟ್ಟಿದೆ, ಅಲ್ಲೇ ನಿಲ್ಲಿಸಿ ನೋಡಿ.

ಬಿಸಿಲಲ್ಲಿ ನಿಲ್ಲಿಸುವಾಗ ಚೂರು ಗಾಜು ಇಳಿಸಿಟ್ಟರೆ ಕಟ್ಟಿಕೊಂಡ ವಾಸನೆ ಹೋಗುತ್ತದೆ. ಒಳಗಿನ ಬಿಸಿ ಮಾತ್ರ ಅದರಿಂದ ಅಷ್ಟೇನೂ ಇಳಿಯುವುದಿಲ್ಲ. ‘ವೈಸರ್ ಇದೆಯಲ್ಲ, ಗಾಳಿ ಆಡುತ್ತೆ’ ಅಂತ ಮಗುವನ್ನೋ ನಾಯಿಯನ್ನೋ ಒಳಗೆ ಬಿಟ್ಟು ಐದು ನಿಮಿಷಕ್ಕೂ ಹೋಗಬೇಡಿ. ಇನ್ನು ತೋಟದ ಮನೆಯ ಅಂಗಳದಲ್ಲಿ ರಾತ್ರಿಯಿಡೀ ಸಂದು ಬಿಟ್ಟರೆ ಸೊಳ್ಳೆ, ಇರುವೆ, ಹಲ್ಲಿ ಎಲ್ಲಾ ಒಳಗೆ ಸಂಸಾರ ಹೂಡುತ್ತವೆ. ಪೇಟೆಯಲ್ಲಾದರೆ ತಂತಿ ತೂರಿಸುವವರ ಭಯ. ರಾತ್ರಿ ಗಾಜು ಮುಚ್ಚಿಯೇ ಇರಲಿ.

ನೋಡಿಕೊಳ್ಳುವುದು, ಬೇಡವಾದಾಗ ತೆಗೆಯುವುದು

ಮಲೆನಾಡಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ವೈಸರಿನ ಒಳಮಗ್ಗುಲಲ್ಲಿ, ಬೀಡಿಂಗ್‌ಗೆ ತಾಗುವ ಗೆರೆಯುದ್ದಕ್ಕೂ ಹಸಿರು ಪಾಚಿ ಕಟ್ಟುತ್ತದೆ. ಬಿಸಿಲು ಬೀಳದ, ತೇವ ಆರದ ಜಾಗ ಅಲ್ವಾ. ಹಳೆಯ ಹಲ್ಲುಜ್ಜುವ ಬ್ರಷ್, ಶಾಂಪೂ ನೀರು ಸಾಕು. ಒಣ ಬಟ್ಟೆಯಲ್ಲಿ ವೈಸರ್ ಉಜ್ಜಬೇಡಿ, ಧೂಳೇ ಗೀರು ಹಾಕುತ್ತದೆ. ವಾಟರ್ ವಾಶ್ ಮಾಡುವ ಹುಡುಗರಿಗೆ ಮೊದಲೇ ಹೇಳಿ: ಪ್ರೆಶರ್ ಗನ್ನನ್ನು ವೈಸರಿನ ಮೇಲಂಚಿಗೆ ಹತ್ತಿರದಿಂದ ಹಿಡಿಯಬಾರದು. ನೀರು ಟೇಪಿನ ಅಡಿಗೆ ನುಗ್ಗಿದರೆ ಅಲ್ಲಿಂದಲೇ ಕಿತ್ತು ಬರಲು ಶುರು.

ತುದಿ ಎದ್ದರೆ ಫೆವಿಕ್ವಿಕ್ ಹಾಕಿ ಒತ್ತುವ ಅಭ್ಯಾಸ ಹಲವರಿಗಿದೆ. ಅದು ಪೇಂಟಿಗೆ ಕಚ್ಚಿಕೊಂಡರೆ ಮುಂದೆ ಪೇಂಟಿನ ಸಮೇತವೇ ಬರುತ್ತದೆ. ಎದ್ದ ಭಾಗದ ಹಳೇ ಟೇಪ್ ಕತ್ತರಿಸಿ ತೆಗೆದು, ಒರೆಸಿ, ಅದೇ ದಪ್ಪದ ಹೊಸ ಅಕ್ರಿಲಿಕ್ ಫೋಮ್ ಟೇಪ್ ಹಾಕಿ. ದಪ್ಪ ಬೇರೆಯಾದರೆ ಪಕ್ಕದ ಭಾಗ ಏಳುತ್ತದೆ.

ಪೂರ್ತಿ ತೆಗೆಯಬೇಕಾದರೆ ಎಳೆದು ಕೀಳಬೇಡಿ. ಹೇರ್ ಡ್ರೈಯರಿನಿಂದ ಒಂದು ತುದಿಯನ್ನು ಬಿಸಿ ಮಾಡಿ, ಟೇಪ್ ಮೆತ್ತಗಾದ ಮೇಲೆ ಗಾಳದ ನೈಲಾನ್ ದಾರವನ್ನು ವೈಸರಿಗೂ ಬಾಗಿಲಿಗೂ ನಡುವೆ ತೂರಿಸಿ, ಗರಗಸ ಎಳೆದ ಹಾಗೆ ಆಚೀಚೆ ಎಳೆಯುತ್ತಾ ಮುಂದೆ ಹೋಗಿ. ಬಿಸಿ ಮಾಡುವುದು, ಕೊಯ್ಯುವುದು, ಮತ್ತೆ ಬಿಸಿ ಮಾಡುವುದು. ಬಾಗಿಲಲ್ಲಿ ಉಳಿದ ಟೇಪನ್ನು ಹೆಬ್ಬೆರಳಿನಿಂದ ಉರುಳಿಸಿದರೆ ಉಂಡೆಯಾಗಿ ಬರುತ್ತದೆ. ಬಾರದೆ ಉಳಿದ ಅಂಟಿಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ. ಬ್ಲೇಡು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಹೊಸ ವೈಸರ್ ಕೂರಿಸುವುದಿದ್ದರೆ ಸೀಮೆಎಣ್ಣೆಯ ಜಿಡ್ಡು ಹೋಗುವಂತೆ ಶಾಂಪೂವಿನಿಂದ ತೊಳೆದು, ಆಲ್ಕೋಹಾಲಿನಿಂದ ಒರೆಸುವ ಹಂತದಿಂದ ಮತ್ತೆ ಶುರು ಮಾಡಿ.